ಕಬ್ಬಿನೊಳಗಿಂದ ಕಂಡಷ್ಟು

ನನಗೆ ಕಾದಂಬರಿ ಬರೆಯುವುದನ್ನು ಕಲಿಸಿದವರು ಮೊದಲ ಪಾಠವನ್ನು ನನ್ನ ಕೆನ್ನೆಗೆ ಹೊಡೆದು ಶುರು ಮಾಡಿದರು. ಬಲಗೆನ್ನೆ ಉರಿದದ್ದು ಚೆನ್ನಾಗಿ ನೆನಪಿದೆ. ಆದರೆ ಎದುರಿಗೆ ಕೂತವರು ಬಲಗೈ ಬೀಸಿದರೆ ಏಟು ಎಡಗೆನ್ನೆಗೆ ಬೀಳಬೇಕು. ಅವರ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಆ ಕೈಯಿಂದ ಅವರು ಚಹದ ಬಸಿಯನ್ನೂ ಎತ್ತುತ್ತಿರಲಿಲ್ಲ. ಅಂದಮೇಲೆ ನೆನಪೇ ತಪ್ಪಿರಬೇಕು. ಮುಂದೊಮ್ಮೆ ಈ ಮಾತು ತೆಗೆದಾಗ ಅವರು, “ನಾ ನಿನಗ ಯಾವಾಗ ಹೊಡದೀನೊ?” ಎಂದು ಕೇಳಿ ನನ್ನನ್ನೇ ದಿಟ್ಟಿಸಿದರು. ನಗುತ್ತಿದ್ದರೋ ಇಲ್ಲವೋ ಹೇಳುವುದು ಕಷ್ಟವಿತ್ತು.

ಅವರು ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಹುಮನಾಬಾದಿನಲ್ಲಿ ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರ ಕೈಯಲ್ಲಿ ಹೊಡೆಸಿಕೊಂಡವರು ಊರಿನ ಓಣಿಗೊಬ್ಬರಿದ್ದಾರೆ. ಹೆಸರು ಬರೆಯುವುದಿಲ್ಲ. ಬದುಕಿದ್ದಷ್ಟು ಕಾಲ ಅವರ ಹೆಸರು ಯಾವ ಪುಸ್ತಕದ ಮೇಲೂ ಅಚ್ಚಾಗಲಿಲ್ಲ. ಈಗ ನಾನು ಅಚ್ಚು ಹಾಕಿಸಿದರೆ ಅವರು ಮೆಚ್ಚುತ್ತಾರೆ ಎಂಬ ಖಾತ್ರಿ ನನಗಿಲ್ಲ.

ನಾನು ಅವರ ಮನೆಗೆ ಮೊದಲ ಸಲ ಹೋದದ್ದು ಅವರ ಗಂಡನ ಸಲುವಾಗಿ. ಕಲಬುರಗಿಯಲ್ಲಿ ಕಾದಂಬರಿಗಳ ಮೇಲೆ ಸಂಶೋಧನೆ ಮಾಡಿ, ಬಸವಕಲ್ಯಾಣದ ಕಾಲೇಜೊಂದರಲ್ಲಿ ಕಲಿಸುತ್ತಿದ್ದೆ. ಒಂದು ಕಾಲಕ್ಕೆ ನಮ್ಮ ಕಡೆಯ ಬಸ್ ಸ್ಟ್ಯಾಂಡುಗಳಲ್ಲಿ ದಾರಕ್ಕೆ ತೂಗುಹಾಕಿ ಮಾರುತ್ತಿದ್ದ ಪತ್ತೇದಾರಿ ಪುಸ್ತಕಗಳ ಬಗ್ಗೆ ಲೇಖನವೊಂದನ್ನು ಬರೆಯಬೇಕಿತ್ತು. ಮುಖಪುಟದಲ್ಲಿ ರಕ್ತ ತೊಟ್ಟಿಕ್ಕುವ ಚಾಕು, ಒಳಗೆ ಒಂದರ ಮೇಲೊಂದು ಕೊಲೆ. ಅವುಗಳ ನಡುವೆ ಒಬ್ಬ ಲೇಖಕನ ಪುಸ್ತಕಗಳು ಮಾತ್ರ ಬಿಗಿಯಾಗಿದ್ದವು. ಆತ ಹುಮನಾಬಾದಿನವನು, ತಾಲ್ಲೂಕು ಕಚೇರಿಯಲ್ಲಿ ಕಾರಕೂನನಾಗಿದ್ದವನು, ತೀರಿಕೊಂಡು ಬಹಳ ವರ್ಷವಾಯಿತು, ಹೆಂಡತಿ ಇದ್ದಾರೆ ಎಂದು ತಿಳಿಯಿತು. ಹೋದೆ.

ಅಕ್ಕೋರು ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಕೇಳಿದ್ದಕ್ಕೆಲ್ಲ ಒಂದೊಂದೇ ಮಾತು. ಹೌದು, ಸಾಹೇಬರು ಬರೆಯುತ್ತಿದ್ದರು. ತಾನು ಚಹ ಮಾಡಿ ಕೊಡುತ್ತಿದ್ದೆ. ಮತ್ತೇನೂ ಗೊತ್ತಿಲ್ಲ. ನನಗೆ ನನ್ನ ಓದನ್ನು ತೋರಿಸುವ ಚಟ. ಇಂಥ ಕಾದಂಬರಿಯಲ್ಲಿ ಬಾವಿಯ ಹತ್ತಿರ ಒಬ್ಬ ವಿಷದಿಂದ ಸಾಯುತ್ತಾನಲ್ಲ, ಅದೊಂದು ಸಾವು ಸಡಿಲವಾಗಿದೆ ಎಂದುಬಿಟ್ಟೆ. ಮೊರ ನನ್ನ ಎದೆಗೆ ಬಂದು ಬಡಿಯಿತು. ಬೇಳೆ ಅಂಗಿಯ ಒಳಗೆಲ್ಲ ಹೋಯಿತು.

“ಅಂವಾ ವಿಷದಿಂದ ಸತ್ತಿಲ್ಲ. ತಲಿ ನೀರಾಗ ಒತ್ತಿ ಹಿಡದು ಕೊಂದದ್ದು ಅದು. ಕೊನೀ ಪುಟ ಓದಿಲ್ಲೇನು ನೀ? ಅಷ್ಟು ಹೊತ್ತು ಒತ್ತಿ ಹಿಡದು ಹಿಡದು ನನ್ನ ರಟ್ಟಿ ಸೋತು ಹೋಗಿದ್ವು.”

ಅವರಿಗೆ ತಾವು ಏನು ಹೇಳಿದೆವು ಎಂಬುದು ತಿಳಿಯಿತು, ನನಗೂ ತಿಳಿಯಿತು. “ಕುಂದರು. ಬೇಳಿ ಆರಿಸಿಕೊಡು,” ಎಂದರು.

ಬೇಳೆ ಆರಿಸುತ್ತ ಕೇಳಿದ ಕತೆ ಇದು. ಮೊದಲ ಕಾದಂಬರಿಯನ್ನು ಅವರು ತಮ್ಮ ಹೆಸರಿನಲ್ಲೇ ಕಳಿಸಿದ್ದರು. ಇಷ್ಟು ರಕ್ತದ ಕತೆಗೆ ಹೆಂಗಸಿನ ಹೆಸರು ಹೊಂದುವುದಿಲ್ಲ, ಗಂಡಸಿನ ಹೆಸರು ಕೊಟ್ಟರೆ ಹಾಕುತ್ತೇವೆ ಎಂದು ಪ್ರಕಾಶಕ ಹೇಳಿ ಕಳಿಸಿದ. ಅವರಿಗೆ ಹತ್ತಿರದಲ್ಲಿ ಇದ್ದ ಗಂಡಸಿನ ಹೆಸರು ಗಂಡನದೇ. ಆತ ಮೊದಲು ನಕ್ಕ. ಪುಸ್ತಕ ಬಂದು ನಾಲ್ಕು ಜನ ಗುರುತಿಸತೊಡಗಿದ ಮೇಲೆ ನಗುವುದು ಬಿಟ್ಟ. ಕಿಸೆಗೆ ಪೆನ್ನು ಬಂತು, ಕೂದಲು ಉದ್ದವಾಯಿತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಕೊಲೆಯ ಅಧ್ಯಾಯಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಇವೆಲ್ಲ ಎಲ್ಲಿಂದ ಹೊಳೆಯುತ್ತವೆ ಸಾಹೇಬ್ರ ಎಂದು ಯಾರಾದರೂ ಕೇಳಿದರೆ ತಲೆ ಎತ್ತಿ ಸೂರು ನೋಡುತ್ತಿದ್ದ.

ಒಂದು ದಿನ ಅಕ್ಕೋರು ಪಕ್ಕದ ಮನೆಯ ಹೆಣ್ಣುಮಗಳಿಗೆ ನಿಜ ಹೇಳಿದರು. ಸಂಜೆ ಆತ ಕಚೇರಿಯಿಂದ ಬಂದ, ಅಂಗಿ ಕಳೆದು ಗೂಟಕ್ಕೆ ಹಾಕಿದ, ಹೆಂಡತಿಯ ಎಡಗೈ ಹಿಡಿದು ಬಾಗಿಲ ಸಂದಿಗೆ ಇಟ್ಟು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಸಿಟ್ಟು ಮಾಡಿರಲಿಲ್ಲ. “ಬಲಗೈ ಬಿಟ್ಟೀನಿ ನೋಡು, ಬರೀಲಾಕ ಬೇಕು,” ಎಂದನಂತೆ.

ಮುಂದಿನ ಕಾದಂಬರಿಯಲ್ಲಿ ಒಬ್ಬನ ಕೈ ಕಬ್ಬಿನ ಗಾಣಕ್ಕೆ ಸಿಕ್ಕಿತು. ಬೆರಳಿನಿಂದ ಹೆಗಲಿನವರೆಗೆ ಆ ಕೈ ಹೋಗುವುದನ್ನು ಅಕ್ಕೋರು ಒಂದು ಇಡೀ ಅಧ್ಯಾಯದ ಉದ್ದಕ್ಕೆ ಬರೆದಿದ್ದರು. ಗಂಡ ಅದನ್ನೂ ಹೋಟೆಲಿನಲ್ಲಿ ಓದಿದ. “ಮಂದಿ ಭೇಷ್ ಅಂದ್ರು ಅಂತ ಮನಿಗೆ ಬಂದು ನನಗ ಹೇಳಿದ,” ಎಂದರು ಅಕ್ಕೋರು. ನಾನು ಆಮೇಲೆ ಆ ಪುಸ್ತಕಗಳನ್ನೆಲ್ಲ ಮತ್ತೆ ಓದಿದೆ. ಸಾಯುವವನು ಒಂದರಲ್ಲಿ ಸಾಹುಕಾರ, ಇನ್ನೊಂದರಲ್ಲಿ ಡಾಕ್ಟರ, ಮತ್ತೊಂದರಲ್ಲಿ ದರೋಡೆಕೋರ. ಆದರೆ ಎಲ್ಲರೂ ಸುಣ್ಣವನ್ನು ಕಿರುಬೆರಳಿನಿಂದ ಎಲೆಗೆ ಹಚ್ಚುತ್ತಾರೆ, ಎಲ್ಲರೂ ಅಂಗಿ ಕಳೆದು ಗೂಟಕ್ಕೆ ಹಾಕುತ್ತಾರೆ. ಕೇಳಿದೆ.

“ಎಲ್ಲಾ ಪುಸ್ತಕದಾಗೂ ಸತ್ತಾಂವ ಒಬ್ಬನ. ಊರಿಗೆಲ್ಲ ಓದಿ ಹೇಳಿದ, ಅಂವಗ ಒಬ್ಬಗ ಗೊತ್ತಾಗ್ಲಿಲ್ಲ ನೋಡು.”

ಅಷ್ಟು ಬಾರಿ ಸತ್ತ ಆ ಮನುಷ್ಯ ಕೊನೆಗೆ ಮಧ್ಯಾಹ್ನ ಉಂಡು ಮಲಗಿದವನು ನಿದ್ದೆಯಲ್ಲೇ ಹೋದ. ಲೇಖಕರ ನಿಧನಕ್ಕೆ ಪ್ರಕಾಶಕ ಸಂತಾಪ ಸೂಚಿಸಿದ. ಅಲ್ಲಿಗೆ ಅಕ್ಕೋರ ಬರಹವೂ ನಿಂತಿತು. ಸತ್ತವನ ಹೆಸರಿನಲ್ಲಿ ಹೊಸ ಪುಸ್ತಕ ಬರೆಯಲು ಬರುವುದಿಲ್ಲವಲ್ಲ.

ಇದಕ್ಕೆಲ್ಲ ನನ್ನ ಹತ್ತಿರ ದಾಖಲೆ ಇಲ್ಲ. ಹಸ್ತಪ್ರತಿ ಒಂದೂ ಉಳಿದಿಲ್ಲ, ಪ್ರಕಾಶಕನೂ ಇಲ್ಲ. ಲೇಖನದಲ್ಲಿ ಈ ಸಂಗತಿ ಹಾಕಲಿಲ್ಲ. ಬರೀ ಅವರ ಮಾತನ್ನು ನಂಬಿ ಬರೆಯುವುದು ನನ್ನ ಓದಿಗೆ ಒಗ್ಗದ ಕೆಲಸ. ಅವರು ನನಗೆ ಕಲಿಸಿದ್ದೊಂದೇ ಪುರಾವೆ, ಅದು ನನ್ನ ಮೈಮೇಲೆ ಇದೆ.

ಕಲಿಯುವ ಮಾತು ಬಂದದ್ದು ಹೀಗೆ. ಕಾದಂಬರಿ ಎಂದರೇನು ಎಂದು ತರಗತಿಯಲ್ಲಿ ತಾಸುಗಟ್ಟಲೆ ಹೇಳುತ್ತಿದ್ದ ನನಗೆ ಸ್ವತಃ ಒಂದು ಕಾದಂಬರಿ ಬರೆಯಬೇಕಿತ್ತು. ನನ್ನ ಕಾಕಾನ ಕೊಲೆಯ ಮೇಲೆ. ಅಪ್ಪನ ತಮ್ಮ ಆತ. ಹಳ್ಳಿಖೇಡದ ಹತ್ತಿರ ಅವನ ಹೊಲ. ಫ್ಯಾಕ್ಟರಿಗೆ ಕಬ್ಬು ಸಾಗಿಸುವ ಬಂಡಿದಾರಿ ಪಕ್ಕದ ಹೊಲದ ಬದುವಿನ ಮೇಲೆ ಹಾದು ಹೋಗುತ್ತಿತ್ತು. ಆ ಹೊಲದ ಅಣ್ಣತಮ್ಮಂದಿರಿಗೂ ಕಾಕಾನಿಗೂ ಅದರ ಮೇಲೆ ಜಿದ್ದು. ಸಣ್ಣವನಾಗಿದ್ದ ನಾನು ರಜೆಗೆ ಹೋದಾಗ ಒಂದು ಮಧ್ಯಾಹ್ನ ಊಟದ ಗಂಟು ಹಿಡಿದು ಹೊಲಕ್ಕೆ ಹೋದೆ. ಜಗಳ ಹತ್ತಿತು. ಹೆದರಿ ಕಬ್ಬಿನೊಳಗೆ ಹೊಕ್ಕೆ. ಕಾಕಾನನ್ನು ಅಲ್ಲೇ ಕೊಡಲಿಯಿಂದ ಕೊಚ್ಚಿದರು. ಹಿರಿಯನಿಗೆ ಶಿಕ್ಷೆಯಾಯಿತು, ಆತ ಜೈಲಿನಿಂದ ಬಂದು ಕೆಲ ವರ್ಷಕ್ಕೆ ಸತ್ತ. ಕಿರಿಯನನ್ನು ಸಾಕ್ಷಿ ಸಾಲದೆಂದು ಬಿಟ್ಟರು. ನನ್ನನ್ನು ಕೋರ್ಟಿಗೆ ಹತ್ತಿಸಲು ಅಪ್ಪ ಒಪ್ಪಿರಲಿಲ್ಲ.

ಕಾಕಾ ಸತ್ತಾಗ ಅವನ ಮಗ ಶಿವರಾಜ ತೊಟ್ಟಿಲಲ್ಲಿದ್ದ. ನಾನು ಕಾದಂಬರಿ ಬರೆಯುತ್ತೇನೆಂದು ಯಾರ ಬಾಯಲ್ಲೋ ಕೇಳಿ, ಫೋನಿನಲ್ಲಿ ದನಿ ಮುದ್ರಿಸಿ ಕಳಿಸಿದ. ಹಿಂದೆ ಟ್ರ್ಯಾಕ್ಟರ್ ಸದ್ದು. “ಅಣ್ಣಾ, ಕಣ್ಣಾರೆ ನೋಡಿದಾಂವ ನೀ ಒಬ್ಬನ ಇದ್ದಿ. ಕಿರಿಯಾಂವ ಕೊಡಲಿ ಎತ್ತಿದ್ನೋ ಇಲ್ಲೋ ಅಷ್ಟು ಬರದು ಕೊಡು. ಓದತೀನಿ. ಆಮ್ಯಾಲಿನ ಕೆಲಸ ನನ್ನದು.” ಅವನ ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಯಾವಾಗಲೂ ಒಂದು ಕೊಯ್ತಾ ಇರುತ್ತದೆ, ಕಬ್ಬು ಕಡಿಯುವ ಅಗಲ ಅಲಗಿನ ಕತ್ತಿ. ಕಬ್ಬಿಲ್ಲದ ತಿಂಗಳಲ್ಲೂ ಅದನ್ನು ಮಸೆದು ಇಟ್ಟಿರುತ್ತಾನೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೀಗೆ ನನ್ನ ಪುಸ್ತಕಕ್ಕೆ ಅಚ್ಚಾಗುವ ಮೊದಲೇ ಒಬ್ಬ ಓದುಗ ಹುಟ್ಟಿದ್ದ. ನಾನು ಹೌದೆಂದು ಬರೆದರೆ ಒಬ್ಬ ಸಾಯುತ್ತಿದ್ದ, ಇನ್ನೊಬ್ಬ ಜೈಲಿಗೆ ಹೋಗುತ್ತಿದ್ದ. ನನಗಾದರೋ ಕಿರಿಯವನ ಮುಖ, ಅವನೆತ್ತಿದ ಕೈ, ಎಲ್ಲ ಕಣ್ಣಿಗೆ ಕಟ್ಟಿದಂತೆ ಇತ್ತು.

ಅಕ್ಕೋರಿಗೆ ಈ ವಿಷಯ ಮೊದಲು ಹೇಳಲಿಲ್ಲ. ಕಾದಂಬರಿಯ ಮೂಲಪಾಠ ಕಲಿಸಿರಿ ಎಂದಷ್ಟೇ ಕೇಳಿದೆ. ಏನಾದರೂ ಬರೆದದ್ದು ಇದ್ದರೆ ಓದು ಎಂದರು. ಕಾಕಾ ಸಿಟ್ಟಿನಲ್ಲಿ ಕಾಕಿಗೆ ಕಪಾಳಕ್ಕೆ ಹೊಡೆಯುವ ಒಂದು ಸಾಲು ಓದಿದೆ: ‘ಅವಮಾನದಿಂದ ಅವಳ ಮುಖ ಕಳೆಗುಂದಿತು.’ ಆಗಲೇ ಏಟು ಬಿದ್ದದ್ದು. ಬಿದ್ದದ್ದೇ ಹೌದಾದರೆ.

“ಈಗ ಹೇಳು. ಮೊದಲ ಏನಾತು? ಅವಮಾನ ಆತೇನು?”

ನನಗೆ ಮೊದಲು ಕೇಳಿಸಿದ್ದು ಸಪ್ಪಳ. ಆ ಸಪ್ಪಳ ನನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಿಸಿ. ಅವಮಾನ ಬಂದದ್ದು ಓಣಿಯಲ್ಲಿ ಯಾರಾದರೂ ನೋಡಿದರೇ ಎಂದು ತಿರುಗಿದಾಗ. ಹಾಗೆಯೇ ಹೇಳಿದೆ. ಬಂದ ಕ್ರಮದಲ್ಲಿ ಬರೆ, ನೀನು ಓದಿದ ಶಾಸ್ತ್ರದಲ್ಲಿ ಕೊನೆಯದು ಮೊದಲು ಬರುತ್ತದೆ, ಮೈಗೆ ಹಾಗೆ ಬರುವುದಿಲ್ಲ ಎಂದರು.

ಅವರ ಪಾಠ ಎಲ್ಲ ಹೀಗೇ. ಸಾಯುವವನು ಸಾಯುವ ದಿನ ಮಹಾ ಮಾತಾಡಿದರೆ ಅವರಿಗೆ ಹಿಡಿಸುತ್ತಿರಲಿಲ್ಲ. ತಾನು ಸಾಯುತ್ತೇನೆಂದು ಅವನಿಗೆ ಗೊತ್ತಿಲ್ಲ, ಅವನಿಗೆ ರೊಟ್ಟಿ ಯಾಕೆ ಇನ್ನೂ ಬರಲಿಲ್ಲ ಎಂಬ ಚಿಂತೆ, ಅದನ್ನು ಬರೆ ಎನ್ನುತ್ತಿದ್ದರು. ಜಗಳದಲ್ಲಿ ಇಬ್ಬರು ಒಂದೇ ವಿಷಯದ ಮೇಲೆ ಮಾತಾಡಿದರೆ ಅದು ಜಗಳ ಅಲ್ಲ, ಪಂಚಾಯ್ತಿ ಎನ್ನುತ್ತಿದ್ದರು. ಬಸವಕಲ್ಯಾಣದಿಂದ ಸಸ್ತಾಪುರ ಬಂಗ್ಲಾಕ್ಕೆ ಬಂದು, ಅಲ್ಲಿ ಹೈವೇ ಬಸ್ಸು ಹಿಡಿದು ಭಾನುವಾರಗಳಂದು ಹೋಗುತ್ತಿದ್ದೆ. ಒಮ್ಮೆ ಮೊದಲ ಭಾಗದ ಹಾಳೆಗಳನ್ನೆಲ್ಲ ಕಟ್ಟಿ ಒಯ್ದು ಕೊಟ್ಟೆ. ಮುಂದಿನ ಭಾನುವಾರ ಅವು ಎಲ್ಲೂ ಕಾಣಲಿಲ್ಲ. ಸ್ನಾನದ ನೀರಿನ ಒಲೆಗೆ ಹಾಕಿದ್ದರು.

“ನೀರು ಕಾಯಲಿಲ್ಲಪಾ. ಭಾಳ ಹಸೀ ಇತ್ತು,” ಎಂದರು.

ಸಿಟ್ಟಿನಿಂದ ಎದ್ದು ಹೊರಟೆ. ಬಾಗಿಲಲ್ಲಿ ಅಡ್ಡ ನಿಂತು, ನೆನಪಿದ್ದಷ್ಟು ಮತ್ತೆ ಬರೆ, ನೆನಪಿಲ್ಲದ್ದು ಸುಟ್ಟದ್ದೇ ಒಳ್ಳೆಯದಾಯಿತು ಎಂದರು. ನೆನಪಿನ ಮೇಲೆ ಅವರಿಗೆ ಇದ್ದ ಭರವಸೆ ನನಗೆ ಎಂದೂ ಇರಲಿಲ್ಲ. ಆದರೂ ಬರೆದೆ. ಕೊಲೆಯ ಅಧ್ಯಾಯ ಎಷ್ಟು ಸಲ ಬರೆದರೂ ಒಂದಕ್ಷರ ಬದಲಾಗದೆ ಬರುತ್ತಿತ್ತು. ಇಷ್ಟು ಗಟ್ಟಿಯಾಗಿ ಬರುವುದು ನಿಜವೇ ಇರಬೇಕು ಅಂದುಕೊಂಡೆ. ಅದನ್ನು ಅವರೆದುರು ಓದಿದೆ.

‘ಹಿರಿಯವನು ಎದುರಿನಿಂದ ಬಂದ. ಕಿರಿಯವನು ಹಿಂದಿನಿಂದ ಹಿಡಿದ. ಹಿರಿಯವನ ಕೊಡಲಿ ಹೆಗಲಿಗೆ ಬಿತ್ತು. ಕಿರಿಯವನ ಕೊಡಲಿ ಕೊರಳಿಗೆ ಬಿತ್ತು. ಮಲ್ಲಿಗೆಯಂಥ ಬಿಳಿ ಅಂಗಿ ಕುಂಕುಮವಾಯಿತು.’

ಅಕ್ಕೋರು ಮೊದಲು ಬೆರಳಿನಿಂದ ನೆಲ ತಟ್ಟುತ್ತಿದ್ದರು. ಆಮೇಲೆ ಅವರ ಮೈ ತೂಗತೊಡಗಿತು. ಸೆರಗನ್ನು ಬಾಯಿಗೆ ಹಿಡಿದು, ಕಣ್ಣು ಮುಚ್ಚಿ, ನಾನು ಓದಿದ ಸಾಲುಗಳನ್ನೇ ಎತ್ತಿಕೊಂಡು ಅಳತೊಡಗಿದರು.

“ಎದುರಿಂದ ಹಿರಿಯಾ ಬಂದ್ನೋ ನನ ರಾಜಾ... ಹಿಂದಿಂದ ಕಿರಿಯಾ ಹಿಡದ್ನೋ ನನ ರಾಜಾ... ಮಲ್ಲಿಗಿ ಅಂಗಿ ಕುಂಕುಮಾಯ್ತೋ ನನ ರಾಜಾ...”

ನಮ್ಮ ಕಡೆ ಸಾವಾದ ಮನೆಯಲ್ಲಿ ಹೆಂಗಸರು ಹಾಡಿ ಅಳುತ್ತಾರೆ. ಹೊಸದಾಗಿ ಯಾರೇ ಬರಲಿ, ಅವರ ಕೊರಳಿಗೆ ಬಿದ್ದು, ಸತ್ತವನು ಹೇಗಿದ್ದ, ಹೇಗೆ ಹೋದ ಎಂಬುದನ್ನು ರಾಗ ಎಳೆದು ಮೊದಲಿನಿಂದ ಹೇಳುತ್ತಾರೆ. ಮತ್ತೊಬ್ಬರು ಬಂದರೆ ಮತ್ತೆ ಮೊದಲಿನಿಂದ. ಕಾಕಾ ಸತ್ತ ಮನೆಯಲ್ಲಿ ನಾನು ಆ ಅಳುವಿನ ನಡುವೆಯೇ ದಿನಗಟ್ಟಲೆ ಇದ್ದೆ. ನನ್ನ ವಾಕ್ಯಗಳು ಒಂದಕ್ಕೊಂದು ಜೋಡಿಯಾಗಿ ನಿಲ್ಲುತ್ತಿದ್ದುದು, ಎಷ್ಟು ಬರೆದರೂ ಬದಲಾಗದೆ ಇದ್ದುದು ಯಾಕೆಂದು ಆ ಕ್ಷಣ ತಿಳಿಯಿತು.

ಅವರು ಥಟ್ಟನೆ ಅಳು ನಿಲ್ಲಿಸಿ, ಒಣ ಕಣ್ಣಿನಲ್ಲೇ ಕೇಳಿದರು.

“ಇದು ನೀ ನೋಡಿದ್ದಲ್ಲ, ಕೇಳಿದ್ದು. ಹಾಡಿದಾಕಿ ಯಾರು?”

ಕಾಕಿ ಎಂದೆ.

“ಆಕಿ ಹೊಲದಾಗ ಇದ್ಳೇನು?”

ಇರಲಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ರೊಟ್ಟಿಯ ಗಂಟನ್ನೇ ನಾನು ಒಯ್ದದ್ದು.

“ಮತ್ತ ಕಬ್ಬಿಗೆ ನೀರು ಬಿಡೂ ಮನಷ್ಯಾ ಬಿಳೀ ಅಂಗಿ ಹಾಕ್ಕೊಂಡು ಹೋಗ್ಯಾನ?”

ಆಗ ಅವರು ತಮ್ಮದೊಂದು ಮಾತು ಹೇಳಿದರು. ಅವರ ತವರು ಗೋರ್ಟಾ. ರಜಾಕಾರರ ಕಾಲದ ಸಾವುಗಳು ಆದಾಗ ಅವರು ಇನ್ನೂ ಹುಟ್ಟಿರಲಿಲ್ಲ. ಆದರೆ ಊರಿನ ಮುದುಕಿಯರು ಮದುವೆಯಲ್ಲೂ ಆ ಸತ್ತವರನ್ನು ನೆನೆದು ಹಾಡಿ ಅಳುತ್ತಿದ್ದರಂತೆ. ಕೇಳಿ ಕೇಳಿ ಇವರಿಗೆ ಯಾರು ಯಾವ ಬಾಗಿಲಲ್ಲಿ ಬಿದ್ದರು, ಯಾರ ಕೈಯಲ್ಲಿ ಏನಿತ್ತು, ಎಲ್ಲ ಕಾಣುತ್ತಿತ್ತು. ಶಾಲೆಯಲ್ಲಿ ಒಮ್ಮೆ ‘ನಾನು ಕಂಡದ್ದು’ ಎಂದು ಬರೆದು ಮಾಸ್ತರರಿಂದ ಹೊಡೆತ ತಿಂದರು.

“ಅಂದಿಂದ ಬರಿಯೂಕಿಂತ ಮೊದಲ ಒಂದ ಕೇಳ್ತೀನಿ. ನಾ ಎಲ್ಲಿ ನಿಂತೀನಿ? ಅಲ್ಲಿಂದ ಏನ್ ಕಾಣ್ತದ?”

ದೃಷ್ಟಿಕೋನದ ಬಗ್ಗೆ ಒಂದು ಇಡೀ ಅಧ್ಯಾಯ ಬರೆದು ಪದವಿ ಪಡೆದವನು ನಾನು. ಆ ಪ್ರಶ್ನೆಯನ್ನು ನನಗೇ ಕೇಳಿಕೊಂಡಿರಲಿಲ್ಲ. ಶಿವರಾಜನ ವಿಷಯವನ್ನು ಆಗ ಹೇಳಿದೆ. ಅವರು ಕೇಳಿ, ಬಹಳ ಹೊತ್ತು ತಮ್ಮ ಮಡಚದ ಬೆರಳುಗಳನ್ನು ಇನ್ನೊಂದು ಕೈಯಿಂದ ತಿಕ್ಕುತ್ತ ಕೂತರು. ನಾಳೆಯೇ ಹೊಲಕ್ಕೆ ಹೋಗೋಣ ಎಂದರು.

ಕಬ್ಬು ಕಡಿಯುವ ಹಂಗಾಮು ಅದು. ಹಳ್ಳಿಖೇಡದ ರಸ್ತೆ ತುಂಬ ಫ್ಯಾಕ್ಟರಿಗೆ ಹೊರಟ ಟ್ರ್ಯಾಕ್ಟರುಗಳು. ಅಕ್ಕೋರು ಸೀರೆ ಎತ್ತಿ ಕಟ್ಟಿ ನನಗಿಂತ ಮುಂದೆ ನಡೆದರು. ಕಾಕಾ ಬಿದ್ದ ಬದು, ನಾನು ಹೊಕ್ಕ ಸಾಲು ಸುಮಾರಾಗಿ ತೋರಿಸಿದೆ. “ಒಳಗ ಹೋಗು. ಆಗಿನ ಎತ್ತರಕ್ಕ ಕುಂದರು,” ಎಂದರು. ಕುಕ್ಕರಗಾಲಿನಲ್ಲಿ ಕೂತೆ. ಕಬ್ಬಿನ ಗರಿ ಕೊರಳು ಕೊಯ್ಯುತ್ತಿತ್ತು. ಅವರು ಬದುವಿನ ಮೇಲೆ ನಿಂತು ಕೂಗಿದರು. “ನನ್ನ ಯಾವ ಕೈ ಮ್ಯಾಲದ?”

ಕಾಣಲಿಲ್ಲ. ಕೈ ಹೋಗಲಿ, ಸೊಂಟವೂ ಕಾಣಲಿಲ್ಲ. ಒಡೆದ ಹಿಮ್ಮಡಿ, ಚಪ್ಪಲಿ, ಸೀರೆಯ ಅಂಚು, ಅಷ್ಟೇ. ಮೇಲೆಲ್ಲ ಗರಿ. ಕಾಲಡಿಯ ರವದಿಯ, ಒಣಗಿ ಉದುರಿದ ಕಬ್ಬಿನ ಗರಿಯ, ಚರಚರ ಸಪ್ಪಳ ಕಿವಿಗೆ ಬಿತ್ತು. ಈ ಸಪ್ಪಳ ನನ್ನದು. ಇದು ಯಾರ ಹಾಡಿನಲ್ಲೂ ಇರಲಿಲ್ಲ. ಅಂದು ನಾನು ಕಂಡದ್ದು ಕಾಲುಗಳು. ಮಣ್ಣು ಮೆತ್ತಿದ ಕಾಲುಗಳು ಒಂದರ ಹಿಂದೊಂದು ತಿರುಗುವುದು, ಒಂದು ಕಾಲು ಇನ್ನೊಂದರ ಮೇಲೆ ಬೀಳುವುದು, ಆಮೇಲೆ ಕಾಕಾನ ಹಿಮ್ಮಡಿ ನೆಲ ಕೆರೆಯುವುದು. ಎಷ್ಟು ಜೊತೆ ಕಾಲು? ಎರಡೋ ಮೂರೋ, ದೇವರಾಣೆ ನನಗೆ ಗೊತ್ತಿಲ್ಲ. ಆ ಕೆರೆತ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನಾನು ಊಟದ ಗಂಟನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದೆ.

ಹೊರಗೆ ಬಂದಾಗ ಶಿವರಾಜ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು ನಿಂತಿದ್ದ. ಮುದುಕಿಯನ್ನು ಮೇಲೆ ಕೆಳಗೆ ನೋಡಿ, “ನೀವೇನು ಪೊಲೀಸ್ ಖಾತೇದವರೇನ್ರಿ?” ಎಂದು ಕೇಳಿದ.

“ಇಲ್ಲಪಾ. ಖೂನಿ ಮಾಡಾಕಿ. ಭಾಳ ಮಂದೀನ್ನ ಕೊಂದೀನಿ,” ಎಂದರು ಅಕ್ಕೋರು. “ಒಬ್ಬಾಂವನೂ ಸತ್ತಿಲ್ಲ.”

ಅವನು ನಗಲಿಲ್ಲ. ಪೆಟ್ಟಿಗೆಯಿಂದ ಕೊಯ್ತಾ ತೆಗೆದು ಕೈಯಲ್ಲಿ ಹಿಡಿದೇ ನನ್ನ ಕಡೆ ತಿರುಗಿದ. ಇಷ್ಟು ದೂರ ಬಂದಿದ್ದೀ, ಬರೆದದ್ದು ಓದುವುದು ಆಮೇಲಿರಲಿ, ಈಗ ಬಾಯಿಂದ ಹೇಳು ಎಂದ. ಕಿರಿಯವನನ್ನು ನೋಡಿದೆಯೋ ಇಲ್ಲವೋ.

“ಕಾಲು ನೋಡೀನೊ ತಮ್ಮಾ. ಕಾಲಷ್ಟ.”

“ಯಾರ್ದು?”

“ಗೊತ್ತಿಲ್ಲ.”

ಅವನ ಎಡಗೈ ಮುಷ್ಟಿ ನನ್ನ ಬಾಯಿಗೆ ಬಿತ್ತು. ಹಿಂದಕ್ಕೆ ಬಿದ್ದೆ, ಕಡಿದ ಕಬ್ಬಿನ ಕೂಳೆ ಬೆನ್ನಿಗೆ ಚುಚ್ಚಿದವು. ಅವನು ಎದೆಯ ಮೇಲೆ ಮೊಣಕಾಲು ಊರಿ ಮತ್ತೆ ಹೊಡೆದ. ಇಷ್ಟು ವರ್ಷ ನೋಡಿದೆ ನೋಡಿದೆ ಎಂದು ತಿರುಗಿದವನು ಇಂದು ಕಾಲು ಎನ್ನುತ್ತೀಯಾ, ಆ ಹೊಲದವರು ನಿನಗೇನು ತಿನ್ನಿಸಿದರು ಎಂದು ಅವನು ಚೀರುವುದು ಕೇಳಿಸುತ್ತಿತ್ತು. ಕೊಯ್ತಾ ನನ್ನ ಕಿವಿಯ ಪಕ್ಕ ಮಣ್ಣಿನಲ್ಲಿ ನೆಟ್ಟಿತ್ತು. ಅದನ್ನು ನೆಡುವ ಮೊದಲು ಎಲ್ಲಿಗೆ ಎತ್ತಿದ್ದನೋ ನಾನು ನೋಡಲಿಲ್ಲ. ಅಕ್ಕೋರು ಬಿಡಿಸಲು ಬರಲಿಲ್ಲ. ನಿಂತಲ್ಲಿಂದಲೇ, ಪಾಠ ಹೇಳುವ ದನಿಯಲ್ಲಿ, “ಅಂವಾ ಕಬ್ಬಿನಾಗಿದ್ದ, ಅಂವಗ ಕಾಲು ಕಂಡವು. ಹಾಡಿನಾಗ ಮುಖ ಕಂಡಾಕಿ ನಿಮ್ಮವ್ವ. ಆಕೀಗೇ ಕೇಳೂಣು ನಡಿ,” ಎಂದರು.

ಕಾಕಿ ಅಂಗಳದಲ್ಲಿ ಸಗಣಿಯ ಕುಳ್ಳು ಒಟ್ಟುತ್ತಿದ್ದಳು. ನನ್ನ ಬಾಯಿಯ ರಕ್ತ ನೋಡಿದಳು, ಮಗನ ಕೈಯ ಕೊಯ್ತಾ ನೋಡಿದಳು, ಗುರುತಿಲ್ಲದ ಹೆಂಗಸನ್ನು ನೋಡಿದಳು. ಅಕ್ಕೋರು ಯಾವ ಪೀಠಿಕೆಯೂ ಇಲ್ಲದೆ ಅವಳ ಪಕ್ಕ ಕೂತು, ಇಬ್ಬರು ವಿಧವೆಯರು ಮಾತಾಡುವ ಮೆಲುದನಿಯಲ್ಲಿ ಕೇಳಿದರು. ನೀನು ಅಳುವಾಗ ಕಿರಿಯವನು ಹಿಂದಿನಿಂದ ಹಿಡಿದ ಅಂತಿದ್ದೆಯಲ್ಲ ತಂಗಿ, ಅದನ್ನು ನಿನಗೆ ಯಾರು ಹೇಳಿದರು?

ಕಾಕಿ ಕೈಯಲ್ಲಿದ್ದ ಕುಳ್ಳನ್ನು ಒಟ್ಟಿಲ ಮೇಲೆ ಇಟ್ಟಳು. ಆಮೇಲೆ ಅಕ್ಕೋರಿಗಲ್ಲ, ಮಗನಿಗೆ ಹೇಳಿದಳು.

“ಒಬ್ಬಾಂವ ಹೊಡದ್ರ ಬೀಳೂ ಗಂಡಸೇನೊ ನಿಮ್ಮಪ್ಪ? ಒಬ್ಬನ ಕೈಲೇ ಸತ್ತ ಅಂದ್ರ ಬಂದ ಬೀಗರ ಮುಂದ ಅವನ ಮಾನ ಏನಾಗ್ತಿತ್ತು? ಅಳ್ತಾ ಅಳ್ತಾ ಇನ್ನೊಬ್ಬನ್ನ ತಂದು ಹಿಂದ ನಿಂದ್ರಿಸಿದೆ. ಆಮ್ಯಾಲ ನನಗೂ ಹಂಗ ಕಾಣಾಕತ್ತು.”

ಶಿವರಾಜ ಕೊಯ್ತಾ ಎತ್ತಿದ. ಯಾರ ಮೇಲೆ ಎಂದು ಅವನಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ತಾಯಿ ತಲೆ ಬಗ್ಗಿಸಲೂ ಇಲ್ಲ. ಅವನು ತಿರುಗಿ ಬಾಗಿಲ ಚೌಕಟ್ಟಿಗೆ ಹೊಡೆದ. ಮತ್ತೆ ಹೊಡೆದ. ಸಾಗವಾನಿಯ ಚೂರುಗಳು ಅಂಗಳಕ್ಕೆ ಸಿಡಿದವು. ಅಲಗು ಮರದಲ್ಲಿ ಸಿಕ್ಕಿ ಹೊರಗೆ ಬರದಾದಾಗ ಅದರ ಹಿಡಿಯನ್ನೇ ಹಿಡಿದುಕೊಂಡು ಕುಸಿದು ಕೂತ. ಅಪ್ಪ ಸತ್ತಾಗ ತೊಟ್ಟಿಲಲ್ಲಿದ್ದವನು ಆವತ್ತು ಮೊದಲ ಸಲ ಅತ್ತ. ಹಾಡಿಲ್ಲದ ಅಳು, ಮಾತೇ ಇಲ್ಲದ್ದು.

ಆ ಸಲದ ಕಬ್ಬನ್ನು ಅದೇ ಕೊಯ್ತಾದಿಂದ ಕಡಿದರು. ಕಿರಿಯವನು ಇನ್ನೂ ಬದುಕಿದ್ದಾನೆ. ಚೌಕಟ್ಟಿನ ಗಾಯವೂ ಇದೆ. ಅದರೊಳಗೆ ಬೆರಳಿಟ್ಟು ನೋಡಿದ್ದೇನೆ, ಅದರ ಬಗ್ಗೆ ನನಗೆ ಅನುಮಾನವಿಲ್ಲ.

ಅನುಮಾನ ಬೇರೆ ಕಡೆ ಇತ್ತು. ವಾಪಸು ಬಸ್ಸಿನಲ್ಲಿ ಕರವಸ್ತ್ರ ಬಾಯಿಗೆ ಒತ್ತಿಕೊಂಡೇ ಅಕ್ಕೋರಿಗೆ ಹೇಳಿದೆ. ಕಿರಿಯವನು ಹೊಡೆದಿಲ್ಲ ಎಂದು ಇದರಿಂದ ಸಾಬೀತಾಗಲಿಲ್ಲ. ಮಗ ಜೈಲಿಗೆ ಹೋಗಬಾರದೆಂದು ಕಾಕಿ ಆ ಕ್ಷಣಕ್ಕೆ ಕಟ್ಟಿದ ಇನ್ನೊಂದು ಹಾಡೂ ಆಗಿರಬಹುದಲ್ಲ ಇದು. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

“ಆಗಿರಬಹುದು. ಭಾಳ ಛಲೋ ಕಟ್ಯಾಳ ಹಂಗಾದ್ರ. ಒಬ್ಬಾಂವ ಉಳದ. ನಾ ಬರದ ಒಂದು ಪುಸ್ತಕದಾಗೂ ಒಬ್ಬಾಂವ ಉಳದಿಲ್ಲ.”

ಸ್ವಲ್ಪ ದೂರ ಹೋದ ಮೇಲೆ ನನ್ನ ಕಡೆ ತಿರುಗಿದರು. “ಬಾಯಿಗೆ ಏಟು ಬಿತ್ತಲ್ಲ, ಮೊದಲ ಏನಾತು?”

“ಸಪ್ಪಳ,” ಎಂದೆ. ಅವರು ಇಡೀ ಬಸ್ಸು ತಿರುಗಿ ನೋಡುವ ಹಾಗೆ ನಕ್ಕರು.

ಕಾದಂಬರಿಯನ್ನು ಮತ್ತೆ ಶುರು ಮಾಡಿದೆ. ಅದು ಕಾಲುಗಳಿಂದ ಶುರುವಾಗುತ್ತದೆ. ಮೊದಲ ಅಧ್ಯಾಯ ಓದಿ ಅವರು ಮೊರ ಎಸೆಯಲಿಲ್ಲ, ಒಲೆಗೂ ಹಾಕಲಿಲ್ಲ. “ಮುಂದ?” ಎಂದರು. ಅದಕ್ಕಿಂತ ದೊಡ್ಡ ಮಾತನ್ನು ಅವರಿಂದ ನಾನು ಕೇಳಿಲ್ಲ. ಎರಡನೆಯ ಅಧ್ಯಾಯ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಅವರ ಅಣ್ಣನ ಮಗ ಫೋನ್ ಮಾಡಿ, ಅತ್ತಿ ಹೋದಳು, ಬರ್ರಿ ಎಂದ.

ಹೋದಾಗ ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ. ಎಡಗೈ ಮಡಿಲಲ್ಲಿತ್ತು, ಎರಡು ಬೆರಳು ನೆಟ್ಟಗೆ. ಸುತ್ತಲೂ ಹೆಂಗಸರು ಹಾಡಿ ಅಳುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೇಳಿದೆ. ಸಾಹೇಬರು ಬರೆಯಲು ಕೂತರೆ ನೀ ದೀಪ ಹಿಡಿದೆಯೋ ನಮ್ಮಕ್ಕಾ. ಸಾಹೇಬರ ಪೆನ್ನಿಗೆ ನೀ ಶಾಯಿ ತುಂಬಿದೆಯೋ ನಮ್ಮಕ್ಕಾ. ದೊಡ್ಡ ಮನುಷ್ಯನ ನೆರಳಾಗಿ ಬಾಳಿದೆಯೋ ನಮ್ಮಕ್ಕಾ. ಯಾರದೂ ಕಣ್ಣೀರು ಸುಳ್ಳಲ್ಲ. ಎದ್ದು ಹೋಗಿ, ನಿಲ್ಲಿಸಿರಿ, ಬರೆದವರು ಇವರು ಎಂದು ಕೂಗಬೇಕೆನಿಸಿತು. ಏನು ದಾಖಲೆ ತೋರಿಸಲಿ?

ಅಳುವವರಲ್ಲಿ ಹಿರಿಯಳಾದ ಮುದುಕಿಯೊಬ್ಬಳು ನನ್ನನ್ನು ನೋಡಿ ಹತ್ತಿರ ಬಂದಳು. “ನೀ ಯಾರಪಾ? ಸಾಹೇಬ್ರ ಶಿಷ್ಯಾ ಏನು?”

“ಅಲ್ಲಬೇ. ಅಕ್ಕೋರ ಶಿಷ್ಯಾ. ಬರಿಯೂದು ಕಲಿಸ್ಯಾರ ನನಗ.”

ಮುದುಕಿಗೆ ಅದು ಕೇಳಿಸಿತೋ ಇಲ್ಲವೋ. ನನ್ನ ಹೆಗಲ ಮೇಲೆ ತಲೆಯಿಟ್ಟು, ಹೆಣದ ಕಡೆ ಕೈ ಚಾಚಿ, ರಾಗ ಎತ್ತಿದಳು. ಹಡೆಯದ ಮಗ ಬಂದಾನ ಏಳೇ ನಮ್ಮಕ್ಕಾ. ಕಲ್ಯಾಣದಿಂದ ಓಡಿ ಬಂದಾನೋ ನಮ್ಮಕ್ಕಾ. ಕೊನೆಯ ಗುಟುಕು ನೀರು ಇವನ ಕೈಯಲ್ಲೇ ಕುಡಿದೆಯೋ ನಮ್ಮಕ್ಕಾ.

ಉಳಿದ ಹೆಂಗಸರು ಅದನ್ನು ಎತ್ತಿಕೊಂಡರು. ಆಮೇಲೆ ಬಂದ ಪ್ರತಿಯೊಬ್ಬರ ಕೊರಳಿಗೂ ಬಿದ್ದು ಅದನ್ನೇ ಮೊದಲಿನಿಂದ ಹಾಡಿದರು. ಸಂಜೆ ಮಣ್ಣು ಮಾಡುವವರೆಗೂ ಕೇಳಿದೆ.

ಅವರು ಜೀವ ಬಿಟ್ಟಾಗ ನಾನು ಬಸವಕಲ್ಯಾಣದಲ್ಲಿದ್ದೆ, ತರಗತಿಗೆ ಹೊರಡುತ್ತಿದ್ದೆ. ನೀರು ಕೊಟ್ಟವರು ಯಾರೋ ನನಗೆ ಗೊತ್ತಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತಿದ್ದೇನೆ, ಯಾಕೆಂದರೆ ಕೆಲವು ದಿನಗಳಿಂದ ನನ್ನ ಬಲಗೈಗೆ ಒಂದು ಹಿತ್ತಾಳೆ ಲೋಟದ ತಣ್ಣಗಿನ ಅಂಚು ನೆನಪಾಗತೊಡಗಿದೆ.